ಇನ್ನೊಂದು ಸಾಲು ಸಂಡಿಗೆ

ನನ್ನ ಹೆಂಡತಿ ಒಂದು ಸಿನಿಮಾದಲ್ಲಿ ನಾಲ್ಕು ನಿಮಿಷ ಇದ್ದಾಳೆ. ಆ ನಾಲ್ಕು ನಿಮಿಷವನ್ನು ಉಳಿಸಬೇಕೋ ಕತ್ತರಿಸಬೇಕೋ ಎಂದು ಒಂದು ಭಾನುವಾರ ಬೆಳಿಗ್ಗೆ ಜೆ.ಪಿ. ನಗರದ ಸಣ್ಣ ಹಾಲೊಂದರಲ್ಲಿ ಮೂವತ್ತಮೂರು ಜನ ವಾದ ಮಾಡಿದರು. ಮೂವತ್ತಮೂರು ಎಂದು ಖಚಿತವಾಗಿ ಹೇಳಬಲ್ಲೆ. ಬದುಕಿನ ಬಹುಭಾಗ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಎಲ್ಲಿ ಕೂತರೂ ತಲೆ ಎಣಿಸುವ ಅಭ್ಯಾಸ ಇನ್ನೂ ಹೋಗಿಲ್ಲ.

ಸಿನಿಮಾ ಮಾಡಿದವಳು ಬನಶಂಕರಿಯಲ್ಲಿ ನಮ್ಮ ಮನೆಯ ಟೆರೇಸಿನ ಮೇಲಿರುವ ಒಂಟಿ ರೂಮಿನಲ್ಲಿ ಬಾಡಿಗೆಗಿರುವ ಹೆಣ್ಣುಮಗಳು. ಮೂವತ್ತರ ಆಸುಪಾಸಿನವಳು. ಅವಳ ಸಿನಿಮಾದಲ್ಲಿ ಊರಿಗೆಲ್ಲ ಬಿಸಿಲು, ಒಬ್ಬ ಮನುಷ್ಯನ ಮೇಲೆ ಮಾತ್ರ ಮಳೆ. ಅವನು ಬಸ್ಸಿನಲ್ಲಿ ಕೂತರೆ ಅವನ ಸೀಟಿನ ಮೇಲಷ್ಟೇ ಮಳೆ, ಬ್ಯಾಂಕಿನ ಕ್ಯೂನಲ್ಲಿ ನಿಂತರೆ ಅವನ ನೆತ್ತಿಯ ಮೇಲಷ್ಟೇ ಮಳೆ. ಕೊನೆಗೆ ಅವನ ಜೇಬಿನಿಂದ ಒಂದು ಮೀನು ಹೊರಬಂದು ಅವನ ಹೆಸರು ಹಿಡಿದು ಕರೆಯುತ್ತದೆ. ಯಾಕೆ ಹೀಗೆ ಎಂದು ಸಿನಿಮಾ ಎಲ್ಲೂ ಹೇಳುವುದಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ನಮ್ಮ ಟೆರೇಸಿನ ಮೇಲೆ ಒಂದು ದಿನ ಶೂಟಿಂಗ್ ಇತ್ತು. ಆ ಮನುಷ್ಯ ನೆನೆಯುತ್ತಾ ಮೆಟ್ಟಿಲು ಹತ್ತಿ ಬರುತ್ತಾನೆ, ನನ್ನ ಹೆಂಡತಿ ಅವನನ್ನು ಕಂಡು ಕಿರುಚಿಕೊಂಡು ಓಡಬೇಕು. ಪಾತ್ರ ಅಷ್ಟೇ. ಒಪ್ಪಿಕೊಂಡಿದ್ದಳು. ಆದರೆ ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಂತೆಂದು ಸಂಡಿಗೆ ಹಿಟ್ಟು ಕಾಯಿಸಿಬಿಟ್ಟಳು. ನನ್ನ ಹಳೇ ಪಂಚೆಯೊಂದನ್ನು ಒದ್ದೆ ಮಾಡಿ ಟೆರೇಸಿನಲ್ಲಿ ಹಾಸಿ, ಸೌಟು ಹಿಡಿದು ಕೂತಳು.

"ಆಂಟಿ, ಇವ್ನು ಬಂದ ತಕ್ಷಣ ಕಿರುಚ್ಬೇಕು, ಆಯ್ತಾ?"

"ಮಳೇಲಿ ನೆಂದೋನ್ನ ನೋಡಿ ಯಾಕಮ್ಮ ಕಿರುಚ್ಲಿ? ಸಂಡಿಗೆ ನೆಂದ್ರೆ ಕಿರುಚ್ತೀನಿ. ಹಿಟ್ಟು ಗಟ್ಟಿಯಾಗತ್ತೆ, ನೀನು ನಿನ್ ಪಾಡಿಗೆ ತೆಗಿ. ಮತ್ತೆ ಆ ಪೈಪಲ್ಲಿ ಜಾಸ್ತಿ ನೀರು ಬಿಡ್ಬೇಡಿ. ಕಾವೇರಿ ನೀರು ಬರೋದು ನಾಳೆ."

ಆ ಹೆಣ್ಣುಮಗಳು ನಕ್ಕು ಹಾಗೇ ತೆಗೆದಳು. ಅವತ್ತು ನನ್ನ ಹೆಂಡತಿ ಕೆಳಗಿಳಿದು ಬರುವಂತಿಲ್ಲವೆಂದು ಕಾಫಿ ನಾನೇ ಮಾಡಿದ್ದೆ. ಕ್ಯಾಮೆರಾ ಓಡುತ್ತಿರುವುದು ತಿಳಿಯದೆ ಮೆಟ್ಟಿಲ ಬುಡದಿಂದ ಕೂಗಿದ್ದೆ.

ಆ ಮಳೆಗಾಲ ಮುಗಿಯುವ ಮುಂಚೆ ಅವಳು ತೀರಿಕೊಂಡಳು. ನಾಲ್ಕು ದಿನದ ಜ್ವರ, ಆಮೇಲೆ ಆಸ್ಪತ್ರೆಯಲ್ಲಿ ಎರಡು ದಿನ. ಹೆಚ್ಚು ಬರೆಯುವುದಕ್ಕೆ ಆಗುವುದಿಲ್ಲ.

ಈ ವರ್ಷ ಒಂದು ಸಂಜೆ ಆ ಹೆಣ್ಣುಮಗಳು ಕೆಳಗೆ ಬಂದು ಬಾಗಿಲಲ್ಲೇ ನಿಂತಳು. ಚಿತ್ರೋತ್ಸವಕ್ಕೆ ಕಳಿಸಬೇಕಾದರೆ ಸಿನಿಮಾ ಇನ್ನೂ ಚಿಕ್ಕದಾಗಬೇಕಂತೆ.

"ಜೊತೇಲಿ ಕೆಲ್ಸ ಮಾಡೋರೆಲ್ಲ ಆಂಟಿ ಸೀನೇ ತೆಗಿ ಅಂತಿದಾರೆ ಅಂಕಲ್. ನಿಮ್ಗೆ ಹೇಳ್ದೆ ಕೈ ಹಾಕಕ್ಕೆ ಮನಸ್ಸು ಬರ್ಲಿಲ್ಲ. ಭಾನುವಾರ ಒಂದಷ್ಟು ಜನಕ್ಕೆ ತೋರ್ಸಿ ಕೇಳ್ತೀನಿ. ನೀವೂ ಬನ್ನಿ."

ಬರುತ್ತೇನೆಂದೆ. ಒಂದೇ ಮಾತು ಕೇಳಿಕೊಂಡೆ: ಅವಳು ಈಗಿಲ್ಲ ಎಂದು ಅಲ್ಲಿ ಯಾರಿಗೂ ಹೇಳಬಾರದು. ಹೇಳಿದರೆ ಪಾಪ ಅಂದುಕೊಂಡು ಕೈ ಎತ್ತಿಬಿಡುತ್ತಾರೆ. ನಮ್ಮ ಮನೆಯಲ್ಲಿ ಅವಳು ಚಲಿಸುವ ಚಿತ್ರ ಬೇರೆ ಯಾವುದೂ ಇಲ್ಲ. ಯಾರದೋ ಮದುವೆಯ ವೀಡಿಯೊದಲ್ಲಿ ಒಂದು ಕ್ಷಣ ಬಂದು ಮುಖ ತಿರುಗಿಸಿಕೊಳ್ಳುತ್ತಾಳೆ, ಅಷ್ಟೇ. ಈ ನಾಲ್ಕು ನಿಮಿಷ ಉಳಿಯಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದು ದೇವರಿಗೇ ಗೊತ್ತು. ಆದರೂ ಸಾವು ತೋರಿಸಿ ಸೀಟು ಕೇಳುವುದು ಬೇಡ ಅನ್ನಿಸಿತು. ನೋಡಲು ಬಾ ಎಂದು ನನ್ನ ಮಗಳನ್ನೂ ಕರೆದೆ. "ನನ್ ಕೈಲಿ ಆಗಲ್ಲಪ್ಪ" ಅಂದಳು.

ಹಾಲ್‌ನಲ್ಲಿ ನನ್ನನ್ನು ಬಿಟ್ಟು ಮೂವತ್ತೆಂಟು ಜನ ಇದ್ದರು. ಅರ್ಧ ಮುಗಿಯುವಷ್ಟರಲ್ಲಿ ಐವರು ಎದ್ದುಹೋದರು. ಆಮೇಲೆ ನಮ್ಮ ಟೆರೇಸು ಬಂತು.

ಅವಳು ತಲೆ ಬಗ್ಗಿಸಿಕೊಂಡು ಸಂಡಿಗೆ ಇಡುತ್ತಿದ್ದಾಳೆ. ಒಂದು ಸೌಟು, ಪಕ್ಕದಲ್ಲಿ ಇನ್ನೊಂದು. ಬಳೆ ಸದ್ದು. ಬೆರಳಿಗೆಲ್ಲ ಹಿಟ್ಟಾಗಿರುವುದರಿಂದ ಮುಂಗೂದಲನ್ನು ಮಣಿಕಟ್ಟಿನಿಂದ ಹಿಂದಕ್ಕೆ ತಳ್ಳುತ್ತಾಳೆ. ಹಾಗೆ ತಳ್ಳುತ್ತಿದ್ದಳೆಂಬುದು ನನಗೆ ಮರೆತೇಹೋಗಿತ್ತು. ಆ ಮನುಷ್ಯ ತೊಟ್ಟಿಕ್ಕುತ್ತಾ ಬಂದು ನಿಲ್ಲುತ್ತಾನೆ. ಅವಳು ತಲೆ ಎತ್ತದೆಯೇ, "ಆ ಕಡೆ ನಿಂತ್ಕೊಳ್ಳಪ್ಪ, ಸಂಡಿಗೆ ನೆನೆಯತ್ತೆ" ಅನ್ನುತ್ತಾಳೆ. ಅವನು ತನ್ನ ಮಳೆಯೊಂದಿಗೆ ಮೂಲೆಗೆ ಹೋಗಿ ನಿಲ್ಲುತ್ತಾನೆ. ಇವಳು ಇಡುತ್ತಲೇ ಇದ್ದಾಳೆ. ಬಹಳ ಹೊತ್ತಾದ ಮೇಲೆ ಕೆಳಗಿನಿಂದ ಒಂದು ಧ್ವನಿ: "ಏ, ಬಾರೇ, ಆರೋಗ್ತಿದೆ." ಅವಳು, "ಬಂದೆ ಇರ್ರೀ, ಇನ್ನೊಂದ್ ಸಾಲು" ಅನ್ನುತ್ತಾಳೆ. ಏಳುವುದಿಲ್ಲ. ಅಲ್ಲಿಗೆ ಆ ದೃಶ್ಯ ಮುಗಿಯುತ್ತದೆ.

ದೀಪ ಹಾಕಿದ ಮೇಲೆ ವಾದ ಶುರುವಾಯಿತು. ಮುಂದಿನ ಸಾಲಿನ ದಪ್ಪ ಕನ್ನಡಕದವರೊಬ್ಬರು ಮೊದಲು ಎದ್ದರು.

"ಸಂಡಿಗೆ ಇಡೋದ್ನ ನೋಡಕ್ಕೆ ನಾನು ಜಯನಗರದಿಂದ ಆಟೋ ಮಾಡ್ಕೊಂಡ್ ಬರ್ಬೇಕಿತ್ತಾ? ನಮ್ಮನೇಲೂ ಟೆರೇಸ್ ಇದೆ ಕಣ್ರೀ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಗಡ್ಡದ ಯುವಕನೊಬ್ಬ ಕೈ ಎತ್ತಿದ. "ಸಾರ್, ಅದು ಬರೀ ಸಂಡಿಗೆ ಅಲ್ಲ. ಪಂಚೆಯ ನಾಲ್ಕು ಮೂಲೇಲಿ ನಾಲ್ಕು ಕಲ್ಲಿದೆ ನೋಡಿದ್ರಾ? ನಾಲ್ಕು ದಿಕ್ಕು."

"ಗಾಳಿಗೆ ಪಂಚೆ ಹಾರೋಗತ್ತೆ ಮಗಾ, ಅದಕ್ಕೆ ಕಲ್ಲು," ಅಂದ ಅವನ ಪಕ್ಕದವನು.

"ಮತ್ತೆ ಆ ಧ್ವನಿ? ಅದು ಸಾವು. ಸಾವು ಕರೀತಿದೆ, ಆಯಮ್ಮ ಇನ್ನೊಂದ್ ಸಾಲು ಅಂತ ಮುಂದಕ್ಕೆ ಹಾಕ್ತಿದಾರೆ. ಇಡೀ ಸಿನಿಮಾ ಇರೋದೇ ಅಲ್ಲಿ."

"ಸಾವು ಯಾರನ್ನಾದ್ರೂ ಬಾರೇ ಅಂತ ಕರೆಯತ್ತೇನ್ರೀ?" ಕನ್ನಡಕದವರು ಬಿಡಲಿಲ್ಲ. "ಆಯಮ್ಮ ಬಲು ನಿಧಾನ. ನಮ್ಮಮ್ಮ ಆಗಿದ್ರೆ ಅಷ್ಟೊತ್ತಿಗೆ ಎರಡು ಪಂಚೆ ಮುಗಿಸೋರು."

ಆ ಮಾತಿಗೆ ನನಗೆ ನೋವಾಗಲಿಲ್ಲ. ಅವಳು ಹೋದ ದಿನದಿಂದ ಅವಳ ವಿಷಯದಲ್ಲಿ ಒಳ್ಳೆಯ ಮಾತು ಬಿಟ್ಟರೆ ಬೇರೇನೂ ನನ್ನ ಕಿವಿಗೆ ಬಿದ್ದಿರಲಿಲ್ಲ. ದೇವರಂಥವಳು, ಪುಣ್ಯವಂತೆ. ಸತ್ತವರನ್ನು ಯಾರೂ ಗದರುವುದಿಲ್ಲ. ಇಲ್ಲಿ ಒಬ್ಬರು, ಬದುಕಿರುವವಳನ್ನು ಆಡಿಕೊಳ್ಳುವ ಹಾಗೆ, ನಿಧಾನ ಎಂದು ಸಿಡುಕಿದರು. ನಾನೂ ಸಂಸಾರದುದ್ದಕ್ಕೂ ಅದನ್ನೇ ಸಿಡುಕಿದ್ದು. ಡ್ಯೂಟಿಗೆ ಹೊತ್ತಾಯಿತು, ಎಷ್ಟು ಹೊತ್ತೇ ನಿಂದು ಎಂದು. ಒಂದು ಸಲವೂ ಟೆರೇಸು ಹತ್ತಿ ಅವಳ ಪಕ್ಕದಲ್ಲಿ ನಾಲ್ಕು ನಿಮಿಷ ಕೂತವನಲ್ಲ.

ಯಾಕೋ ಎದ್ದು ನಿಂತೆ. "ಆ ಧ್ವನಿ ನಂದು ಸಾರ್. ಕಾಫಿಗೆ ಕರ್ದಿದ್ದು."

ಗಡ್ಡದ ಯುವಕ ತಲೆ ಕೆರೆದುಕೊಂಡ. ಕನ್ನಡಕದವರು ನನ್ನತ್ತ ತಿರುಗಿ, "ಬಂದ್ರಾ ಮತ್ತೆ?" ಎಂದು ಕೇಳಿದರು.

"ಬಂದ್ಲು ಸಾರ್. ಅಷ್ಟೊತ್ತಿಗೆ ಪೂರ್ತಿ ಆರೋಗಿತ್ತು. ಮತ್ತೆ ಬಿಸಿ ಮಾಡ್ಕೊಟ್ಟೆ."

"ಸದ್ಯ!" ಅಂದರು ಅವರು. ಮತ್ತೆ ನಗು.

ಕೊನೆಗೆ ಕೈ ಎತ್ತಿಸಿದರು. ಉಳಿಸಿ ಎಂದವರು ಹನ್ನೆರಡು, ತೆಗೆಯಿರಿ ಎಂದವರು ಹದಿನೆಂಟು. ಮೂವರು ಎರಡಕ್ಕೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕನ್ನಡಕದವರು ಹೋಗುವಾಗ ನನ್ನ ಹೆಗಲು ಮುಟ್ಟಿ, "ನಾನು ತೆಗೀರಿ ಅಂತ ಕೈ ಎತ್ತಿದ್ದೀನಿ, ಬೇಜಾರ್ ಮಾಡ್ಕೋಬೇಡಿ. ಮನೇಲಿ ಹೇಳಿ, ಸಂಡಿಗೆ ಮಾತ್ರ ಒಂದೇ ಸಮ ಇತ್ತು ಅಂತ" ಎಂದರು. ಹೇಳುತ್ತೇನೆ ಸಾರ್ ಎಂದೆ. ಮನೆಗೆ ಬಂದು, ಫೋಟೊದ ಮುಂದೆ ನಿಂತು, ಹೇಳಿದೆ.

ಎರಡು ದಿನದ ಮೇಲೆ ಆ ಹೆಣ್ಣುಮಗಳು ಮತ್ತೆ ಕೆಳಗೆ ಬಂದಳು. ಪೂರ್ತಿ ತೆಗೆಯಲು ಅವಳಿಗೂ ಮನಸ್ಸಾಗಿರಲಿಲ್ಲ.

"ಒಂದೂವರೆ ನಿಮಿಷ ಇಟ್ಕೋತೀನಿ ಅಂಕಲ್. ಅವನು ಬರೋದು, ಆಂಟಿ ಆ ಕಡೆ ನಿಂತ್ಕೋ ಅನ್ನೋದು ಇರ್ಲೇಬೇಕು. ಆಮೇಲೆ ಉಳಿಯೋದು ಸ್ವಲ್ಪವೇ. ಆ ಸ್ವಲ್ಪಕ್ಕೆ ನೀವು ಕೂಗೋದು ಇಡ್ಲಾ, ಇಲ್ಲಾ ಆಂಟಿ ಸುಮ್ನೆ ಸಂಡಿಗೆ ಇಡ್ತಾ ಇರೋದು ಇಡ್ಲಾ? ನೀವೇ ಹೇಳಿ."

ಕೂಗುವುದು ಹೋದರೆ ಅವಳ ಉತ್ತರವೂ ಹೋಗುತ್ತದೆ. ಆ "ಬಂದೆ ಇರ್ರೀ"ಯನ್ನು ಇನ್ನೊಮ್ಮೆ ಕೇಳಲು ನಾನು ಏನು ಬೇಕಾದರೂ ಕೊಡುತ್ತಿದ್ದೆ. ಆ ಧ್ವನಿ ಸಾವಿನದೆಂದು ಗಡ್ಡದ ಯುವಕ ಹೇಳಿದ್ದು ತಲೆಯಲ್ಲಿ ಸುತ್ತುತ್ತಿತ್ತು.

"ಕರೆಯೋದು ಬೇಡಮ್ಮ," ಅಂದೆ. "ಅವ್ಳು ಆ ಸಾಲು ಮುಗಿಸ್ಲಿ."

ಅವಳು ತಲೆಯಾಡಿಸಿದಳು. ಹೋಗುವ ಮುಂಚೆ ನಾಲ್ಕೂ ನಿಮಿಷವನ್ನು ನನ್ನ ಫೋನಿಗೆ ಹಾಕಿ, ಹೇಗೆ ತೆರೆಯಬೇಕೆಂದು ಎರಡು ಸಲ ತೋರಿಸಿಕೊಟ್ಟಳು. ಆ ಮಗುವಿಗೆ ನಾನು ಏನು ಹೇಳಿದರೂ ಕಡಿಮೆಯೇ. ಕೈ ಎತ್ತಿದ ಹನ್ನೆರಡು ಜನಕ್ಕೂ, ಎತ್ತದ ಮೂವರಿಗೂ, ಆ ಹದಿನೆಂಟು ಜನಕ್ಕೂ ನಾನು ಋಣಿ. ಒಂದು ಬೆಳಿಗ್ಗೆಯ ಮಟ್ಟಿಗೆ ಅವರು ನನ್ನ ಹೆಂಡತಿಯ ಜೊತೆ ಜಗಳವಾಡಿದರು.

ಸಿನಿಮಾ ಈಗ ಯಾವ ಯಾವ ಊರಿಗೋ ಹೋಗುತ್ತಿದೆಯಂತೆ. ಅಲ್ಲೂ ಒಂದಷ್ಟು ಜನ ಎದ್ದುಹೋಗುತ್ತಾರಂತೆ. ಹೋಗಲಿ. ಆ ಮನುಷ್ಯ ತನ್ನ ಮಳೆ ಹಿಡಿದುಕೊಂಡು ಮೂಲೆಯಲ್ಲಿ ನಿಂತಿರುತ್ತಾನೆ, ಕೆಳಗಿನಿಂದ ಯಾರೂ ಕೂಗುವುದಿಲ್ಲ, ಅವಳು ತನ್ನ ಪಾಡಿಗೆ ಸಾಲು ಮುಗಿಸುತ್ತಾಳೆ. ಒಂದು ಸಂಡಿಗೆಯೂ ನೆನೆದಿಲ್ಲ.