ಲಾಭ, ಎರಡು, ಮೂರು

ಎಂಬತ್ತರ ದಶಕದ ನಡುವಿನ ಮಾತು. ಗಲ್ಫಿನಿಂದ ರಜೆಯಲ್ಲಿ ಬಂದ ಅಣ್ಣ ಎಲ್ಲರಿಗೂ ಸೀರೆ, ಸೆಂಟು ತಂದಿದ್ದ. ನನಗೆ ಮಾತ್ರ ಟಿ.ವಿ.ಗೆ ಜೋಡಿಸುವ ಒಂದು ಪುಟ್ಟ ಕಂಪ್ಯೂಟರ್. ಮೂಡಬಿದ್ರೆಯಲ್ಲಿ ಗಣಿತ ಕಲಿಸುವವಳಿಗೆ ಸೀರೆ ಯಾಕೆ ಎಂದುಕೊಂಡನೋ ಏನೋ! ಸಿಟ್ಟು ಕೆಲವು ದಿನ ಇತ್ತು. ಆಮೇಲೆ ಹುಚ್ಚು ಹಿಡಿಯಿತು.

ಅದರಲ್ಲಿ ಲೆಕ್ಕ ಮಾಡಲು ನನ್ನದೇ ಒಂದು ಭಾಷೆ ಕಟ್ಟಲು ಕುಳಿತೆ. ಅಕ್ಷರ ಇಂಗ್ಲಿಷಿನವು, ಮಾತು ಕನ್ನಡದ್ದು: ಕೂಡಿಸು, ಕಳೆ, ಹಂಚು, ಹೇಳು. ಸಂಜೆ ಬರೆದದ್ದನ್ನು ಹಾಡಿನ ಕ್ಯಾಸೆಟ್ಟಿನಲ್ಲೇ ಉಳಿಸುತ್ತಿದ್ದೆ. "ಕೈಯಲ್ಲಿ ಬೆರಳು ಉಂಟಲ್ಲ, ಇದು ಯಾಕೆ?" ಎಂದು ಗಂಡ ನಗುತ್ತಿದ್ದರು. ಯಂತ್ರಕ್ಕೆ ತಿಳಿಯದ್ದನ್ನು ಬರೆದರೆ "ಅರ್ಥ ಆಗ್ಲಿಲ್ಲ, ಇನ್ನೊಮ್ಮೆ ಹೇಳಿ" ಎಂದು ಪರದೆಯಲ್ಲಿ ಬರುವಂತೆ ಮಾಡಿದ್ದೆ. ಅತಿಥಿಗಳನ್ನು ಏಕವಚನದಲ್ಲಿ ಮಾತಾಡಿಸುವುದು ನಮ್ಮ ಮನೆಯಲ್ಲಿ ಇರಲಿಲ್ಲ.

ಅಳದಂಗಡಿಯಲ್ಲಿದ್ದ ಅತ್ತಿಗೆ, ಅಂದರೆ ಆ ಅಣ್ಣನ ಹೆಂಡತಿ, ಅಲ್ಲಿನ ಬಾಲವಾಡಿಯಲ್ಲಿ ತಾತ್ಕಾಲಿಕ ಟೀಚರ್. ಎಸ್ಸೆಸ್ಸೆಲ್ಸಿ ಗಣಿತ ಪಾಸಾಗದಿದ್ದರೆ ಕೆಲಸ ಉಳಿಯುವುದಿಲ್ಲ ಎಂದು ಮೇಲಿನವರು ಹೇಳಿದ್ದರು. ಮಕ್ಕಳೆಂದರೆ ಅವಳಿಗೆ ಜೀವ. ಗಣಿತವೆಂದರೆ, ಹಿಂದೆ ಬೋರ್ಡಿನ ಮುಂದೆ ನಿಂತು ತಿಂದ ಬೆತ್ತದ ನೆನಪು. ಭಾನುವಾರ ಬಸ್ಸಿನಲ್ಲಿ ಬಂದು ನನ್ನ ಹತ್ತಿರ ಕಲಿಯುತ್ತಿದ್ದಳು. ಪುಸ್ತಕ ತೆರೆದರೆ ಸಾಕು, ಮುಖ ಬಾಡುತ್ತಿತ್ತು.

ಒಮ್ಮೆ ಅವಳನ್ನು ಯಂತ್ರದ ಮುಂದೆ ಕೂರಿಸಿ, "ಅಕ್ಕಿಯ ಸೇರು ಅಳೆಯುವ ಹಾಗೆ ಮೂರರವರೆಗೆ ಎಣಿಸಿ, ಆ ಅಂಕಿಗಳನ್ನು ಕೂಡಿಸು" ಎಂದೆ. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ಲಾಭ, 2, 3. ಯಂತ್ರ ಎಂದಿನ ಉತ್ತರ ಕೊಟ್ಟಿತು.

"'ಒಂದು' ಹಾಕು" ಎಂದೆ.

"ಅಳೆಯುವಾಗ ಒಂದು ಅಂತ ಹೇಗೆ ಹೇಳುವುದು ಮಾರಾಯ್ತಿ? ಮೊದಲನೆಯದು ಲಾಭ ಅಲ್ವಾ?"

ನಮ್ಮ ಕಡೆ ಅಕ್ಕಿ ಅಳೆಯುವ ಯಾರೂ ಶುಭದ 'ಲಾಭ' ಬಿಟ್ಟು ಒಂದರಿಂದ ಶುರು ಮಾಡುವುದಿಲ್ಲ, ನನ್ನ ತಾಯಿಯೂ ಮಾಡುತ್ತಿರಲಿಲ್ಲ. ಅಲ್ಲೇ ಕುಳಿತು ಒಂದು ಸಾಲು ಸೇರಿಸಿದೆ: ಲಾಭ ಎಂದರೆ ಒಂದು. ಅವಳು ಮತ್ತೆ ಒತ್ತಿದಳು. ಪರದೆಯಲ್ಲಿ 6 ಮೂಡಿತು.

"ಇದಕ್ಕೆ ನನ್ನ ಲೆಕ್ಕ ಗೊತ್ತುಂಟು!" ಎಂದಳು. ಆ ದಿನ ಊಟಕ್ಕೆ ಕರೆದರೂ ಏಳಲಿಲ್ಲ.

ಅವಳು ಪಾಸಾದಳು. ಅಂಕ ಹೇಳಿಕೊಳ್ಳುವಂಥದ್ದೇನಲ್ಲ. "ಪರೀಕ್ಷೆಯಲ್ಲಿ ಮೊದಲ ಲೆಕ್ಕವೇ ತಪ್ಪಿತು. ಮೊದಲಾದರೆ ಎದ್ದು ಬರ್ತಿದ್ದೆ. ಯಂತ್ರದ 'ಇನ್ನೊಮ್ಮೆ ಹೇಳಿ' ನೆನಪಾಯ್ತು, ಇನ್ನೊಮ್ಮೆ ಮಾಡಿದೆ" ಎಂದಳು.

ನನಗೆ ಸಾವಿರ ಸಲ "ಉಪಕಾರ ಆಯ್ತು" ಎಂದು ಹೇಳಿದ್ದಾಳೆ. ಹೇಳಬೇಕಾದವಳು ನಾನು. ಅವಳು ಬರುವವರೆಗೆ ನನ್ನ ಭಾಷೆ ನನ್ನೊಬ್ಬಳ ಆಟದ ಸಾಮಾನಾಗಿತ್ತು.

ಯಂತ್ರ ಕೆಟ್ಟಿತು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಆಮೇಲೊಮ್ಮೆ ಅವಳ ಬಾಲವಾಡಿಗೆ ಹೋಗಿದ್ದೆ. ಪುಟ್ಟ ಹೆಣ್ಣುಮಗುವೊಂದು ಹುಣಸೆ ಬೀಜ ಎಣಿಸುತ್ತ ಎರಡನ್ನು ಬಿಟ್ಟು ಮೂರಕ್ಕೆ ಹಾರಿ, ಹೆದರಿ ಟೀಚರನ್ನು ನೋಡಿತು. ಅತ್ತಿಗೆ ಅದರ ಎದುರು ನೆಲದಲ್ಲಿ ಕುಳಿತಳು.

"ಅರ್ಥ ಆಗ್ಲಿಲ್ಲ," ಎಂದಳು, "ಇನ್ನೊಮ್ಮೆ ಹೇಳಿ."