ಅಮೂಲ್ಯಳ ಪಿಕಪ್‌ಗೆ ದೊಡ್ಡ ಟೈರು

ಕೆಂಗಲ್ಲಿನಿಂದ ಚನ್ನಪಟ್ಟಣಕ್ಕೆ ಹೋಗುವ ಹಳೇ ರಸ್ತೆಯ ಪಕ್ಕದಲ್ಲಿ ನಾಹಿದಾಳ ಟೈರ್ ಅಂಗಡಿ. ಅದನ್ನು ಹಾಕಿದವರು ಅವಳ ತಂದೆ ಶುಕೂರ್ ಸಾಹೇಬರು. ಅವರಿಗೆ ಮಂಡಿನೋವು ಬಂದು ಕೂತರೆ ಏಳಲಾಗದ ಹಾಗಾದಾಗ, ಗೊಂಬೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದ ನಾಹಿದಾ ಅದನ್ನು ಬಿಟ್ಟು ಬಂದು ಜಾಕಿ ಹಿಡಿದಳು. ಹೆಂಗಸು ಟೈರು ಬಿಚ್ಚುವುದನ್ನು ನೋಡಲೆಂದೇ ಮೊದಮೊದಲು ಜನ ನಿಲ್ಲುತ್ತಿದ್ದರು. ಆಮೇಲೆ ಅವರಿಗೂ ಬೇಜಾರಾಗಿ, ತಮ್ಮ ಪಾಡಿಗೆ ತಾವು ಪಂಕ್ಚರ್ ಹಾಕಿಸಿಕೊಂಡು ಹೋಗತೊಡಗಿದರು.

ಅಷ್ಟರಲ್ಲಿ ಹೊಸ ಹೆದ್ದಾರಿ ಆಯಿತು. ಮೈಸೂರಿಗೆ ಹೋಗುವ ಗಾಡಿಗಳೆಲ್ಲ ಊರಿನ ಹೊರಗಿನಿಂದಲೇ ಹಾರಿ ಹೋದವು. ಅಂಗಡಿ ಮುಂದಿನ ರಸ್ತೆಯಲ್ಲಿ ನಾಯಿಗಳು ನಿಶ್ಚಿಂತೆಯಿಂದ ಮಲಗಿದವು. ಬೆಳಗಿನಿಂದ ಸಂಜೆಯವರೆಗೆ ಯಾರದೋ ಸ್ಕೂಟರಿಗೆ ಗಾಳಿ ಹೊಡೆದದ್ದೇ ವ್ಯಾಪಾರ. "ಬಾಗ್ಲು ಹಾಕ್ಬುಡಾನ ಬೇಟಿ," ಎಂದು ಶುಕೂರ್ ಸಾಹೇಬರು ಕುರ್ಚಿಯಲ್ಲಿ ಕೂತೇ ಹೇಳುತ್ತಿದ್ದರು. ನಾಹಿದಾ ಕೇಳಿಸಿದರೂ ಕೇಳಿಸದವಳಂತೆ ಸ್ಪ್ಯಾನರುಗಳನ್ನು ಒರೆಸುತ್ತಿದ್ದಳು.

ಹಾಗಿರುವಾಗ ಒಂದು ದಿನ ಅಮೂಲ್ಯ ಎಂಬ ಹುಡುಗಿ ಪಿಕಪ್ ಗಾಡಿಯನ್ನು ತಾನೇ ಓಡಿಸಿಕೊಂಡು ಬಂದು ನಿಲ್ಲಿಸಿದಳು. ರಾಮನಗರದ ಹೊರಗೆ ಅವಳದೊಂದು ಚಾಕಿ ಮನೆ ಇತ್ತು. ರೇಷ್ಮೆ ಮೊಟ್ಟೆ ಒಡೆಸಿ, ಎಳೆ ಹುಳುಗಳನ್ನು ಎರಡನೇ ಜ್ವರ ಏಳುವವರೆಗೆ, ಅಂದರೆ ಎರಡು ಸಲ ಪೊರೆ ಕಳಚುವವರೆಗೆ ಸಾಕಿ, ರೈತರ ಮನೆಬಾಗಿಲಿಗೆ ಮುಟ್ಟಿಸುವುದು ಅವಳ ಕಸುಬು.

"ಅಕ್ಕಾ, ಇದ್ಕೆ ಇನ್ನೂ ದೊಡ್ಡ ಟೈರು ಹಾಕಾಕಾಯ್ತದಾ?" ಎಂದು ಕೇಳಿದಳು.

"ಯಾಕಮ್ಮಾ, ಇರೋದು ಚೆನ್ನಾಗೇ ಐತಲ್ಲ?"

"ಕನಕಪುರದ ಕಡೆ ಒಂದು ಗುಡ್ಡದೂರೈತೆ. ದಾರಿ ತುಂಬ ಬಂಡೆ. ಗಾಡಿ ಹೊಟ್ಟೆ ಬಂಡೆಗೆ ತಗಲಿ ಅಲ್ಲೇ ನಿಂತೋಯ್ತದೆ. ಆಮೇಲೆ ಹುಳದ ಟ್ರೇಗಳ್ನೆಲ್ಲ ತಲೆ ಮ್ಯಾಲೆ ಹೊತ್ಕಂಡು ಹತ್ತಬೇಕು. ಬಿಸ್ಲೇರುದ್ರೆ ಹುಳ ಬಾಡೋಯ್ತವೆ. ಅಲ್ಲಿನೋರು ಹುಳ ಸಾಕೋದ್ನೇ ಬುಟ್ಬುಡ್ತೀವಿ ಅಂತಾವ್ರೆ ಅಕ್ಕಾ."

ಹೇಳುತ್ತಲೇ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಅದರಲ್ಲಿದ್ದ ಟೈರು ಗಾಡಿಯ ಬಾಗಿಲಿನಷ್ಟು ಎತ್ತರವಿತ್ತು. ನಾಹಿದಾಳಿಗೆ ನಗು ತಡೆಯಲಾಗಲಿಲ್ಲ. "ಇದ್ನ ಹಾಕುದ್ರೆ ನೀನು ಹತ್ತಾಕೆ ಏಣಿ ಬೇಕಾಯ್ತದೆ. ಬ್ಯಾಡ. ಒಂದೇ ಒಂದು ಸೈಜು ಮ್ಯಾಲಕ್ಕೆ ಹೋಗಾನ. ನಿನ್ನ ರಿಮ್ಮಿಗೇ ಕೂರ್ತದೆ."

ಕುರ್ಚಿಯಿಂದ ಶುಕೂರ್ ಸಾಹೇಬರ ದನಿ ಬಂತು. "ಕಂಪ್ನಿಯೋರು ಸುಮ್ಕೆ ಅಳತೆ ಕೊಟ್ಟವ್ರಾ? ತಿರುಗಿಸ್ದಾಗ ಮಡ್‌ಗಾರ್ಡ್‌ಗೆ ಉಜ್ಜುತದೆ. ನಮ್ಗ್ಯಾಕೆ ಈ ಉಸಾಬರಿ?"

ನಾಹಿದಾಳಿಗೂ ಒಳಗೆ ಅಳುಕಿತ್ತು. ಇಂಥ ಕೆಲಸವನ್ನು ಅವಳು ಮಾಡಿರಲಿಲ್ಲ. ಆದರೂ ಒಪ್ಪಿಕೊಂಡಳು.

ಟೈರುಗಳು ಬಂದ ದಿನ ಅಂಗಡಿಯ ತುಂಬ ಹೊಸ ರಬ್ಬರಿನ ವಾಸನೆ. ಹಳೆಯವನ್ನು ಬಿಚ್ಚಿ, ರಿಮ್ಮಿನ ಅಂಚಿಗೆ ಸೋಪಿನ ನೀರು ಬಳಿದು, ಕಬ್ಬಿಣದ ಪಟ್ಟಿ ಸಿಕ್ಕಿಸಿ ಒಂದೊಂದಾಗಿ ಕೂರಿಸಿದಳು. ಗಾಳಿ ತುಂಬಿದಾಗ ಟಪ್ಪೆಂದು ಟೈರು ರಿಮ್ಮಿಗೆ ಕಚ್ಚಿಕೊಂಡ ಸದ್ದಿಗೆ ಅವಳ ಮೈಯೆಲ್ಲ ಹಗುರಾಯಿತು. ಜಾಕಿ ಇಳಿಸಿದರೆ ಗಾಡಿ ಎದೆ ಎತ್ತಿ ನಿಂತ ಹಾಗೆ ಕಂಡಿತು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಆಡಿಸಿ ನೋಡಿದಳು. ಸಲೀಸಾಗಿ ಆಡಿತು.

"ಲೋಡ್ ಹಾಕಿ ನೋಡು," ಎಂದರು ಶುಕೂರ್ ಸಾಹೇಬರು.

"ಹುಳ ಏನು ಮಹಾ ಭಾರ ಅಬ್ಬಾ?" ಎಂದು ನಾಹಿದಾ ಕೈ ತೊಳೆದುಕೊಂಡಳು. ಅಮೂಲ್ಯಳಿಗೆ ಮಾತ್ರ, "ಇನ್ಮ್ಯಾಕೆ ಮೀಟರು ಒಸಿ ಕಮ್ಮಿ ತೋರುಸ್ತದೆ, ಅದ್ನ ನಂಬ್ಕಂಡು ಜೋರಾಗಿ ಓಡಿಸ್ಬ್ಯಾಡ," ಎಂದು ಹೇಳಿ ಕಳಿಸಿದಳು.

ಮುಂದಿನ ಸಲ ಹುಳು ಸಾಗಿಸುವ ಬೆಳಿಗ್ಗೆ ಅಮೂಲ್ಯಳ ಫೋನು ಬಂತು. "ಅಕ್ಕಾ, ತಿರುವಲ್ಲೆಲ್ಲ ಕರಕರ ಅಂತದೆ. ಟೈರು ಸುಟ್ಟ ವಾಸ್ನೆ ಬೇರೆ. ದಾರೀಲೇ ನಿಲ್ಲಿಸ್ಕಂಡಿವ್ನಿ."

ನಾಹಿದಾ ಫೋನು ಇಟ್ಟಳು. ತಂದೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಜಾಕಿ, ಗರಗಸದ ಬ್ಲೇಡು, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿ ಸ್ಕೂಟರ್ ಹತ್ತಿದಳು. ಶುಕೂರ್ ಸಾಹೇಬರು ಬೈಯುತ್ತಾರೆಂದುಕೊಂಡಿದ್ದಳು. ಅವರು ಬೈಯಲಿಲ್ಲ. "ನೀರಿನ ಬಾಟ್ಲಿ ತಗೋ," ಎಂದರು, ಅಷ್ಟೇ.

ಗುಡ್ಡದ ಬುಡದಲ್ಲಿ ಪಿಕಪ್ ನಿಂತಿತ್ತು. ಹಿಂದೆ ನೋಡಿದರೆ ಹುಳುವಿನ ಟ್ರೇಗಳ ಜೊತೆಗೆ, ರೈತರಿಗೆಂದು ತಂದಿದ್ದ ಸುಣ್ಣದ ಮೂಟೆಗಳ ಸಾಲು. ಆ ಭಾರಕ್ಕೆ ಗಾಡಿ ಕುಗ್ಗಿ, ತಿರುವಿನಲ್ಲಿ ಮುಂದಿನ ಟೈರು ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿತ್ತು. ಟೈರಿನ ಭುಜದ ಅಂಚು ತರಚಿತ್ತು, ಆದರೆ ಒಳಗಿನ ದಾರ ಕಾಣುವಷ್ಟಲ್ಲ.

"ತೆಪ್ಪು ನಂದೇ ಕಣಮ್ಮಾ. ಲೋಡ್ ಹಾಕಿ ನೋಡ್ಬೇಕಿತ್ತು," ಎಂದಳು ನಾಹಿದಾ.

"ಅದಿರ್ಲಿ ಅಕ್ಕಾ, ಬಿಸ್ಲು ಏರ್ತಾ ಐತೆ," ಎಂದಳು ಅಮೂಲ್ಯ. ಟ್ರೇಗಳ ಮೇಲೆ ಹೊದಿಸಿದ್ದ ಒದ್ದೆ ಗೋಣಿ ಆಗಲೇ ಒಣಗುತ್ತಿತ್ತು. ಅವಳ ಕಣ್ಣಲ್ಲಿ ನೀರಿತ್ತು.

ನಾಹಿದಾ ತನ್ನ ಬಾಟಲಿಯ ನೀರನ್ನು ಗೋಣಿಗೆ ಚಿಮುಕಿಸಿದಳು. ಇಬ್ಬರೂ ಸೇರಿ ಸುಣ್ಣದ ಮೂಟೆಗಳನ್ನು ಪಕ್ಕದ ಮನೆಯ ಜಗಲಿಗೆ ಇಳಿಸಿದರು. ಆಮೇಲೆ ನಾಹಿದಾ ಗಾಡಿಯ ಕೆಳಗೆ ಅಂಗಾತ ಮಲಗಿ ಉಜ್ಜುತ್ತಿದ್ದ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಕೊಯ್ದು, ಅದರ ಹಿಂದಿನ ತಗಡಿನ ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಮಡಿಸಿದಳು. ಮಣ್ಣು ಕಣ್ಣಿಗೆ ಉದುರಿತು. ಟೈರುಗಳಲ್ಲಿ ಗಾಳಿ ಸ್ವಲ್ಪ ಇಳಿಸಿದಳು, ಕಲ್ಲಿನ ಮೇಲೆ ಗಾಡಿ ಕುಲುಕದಿರಲಿ ಎಂದು. ಕೊನೆಗೆ ತಾನೂ ಅಮೂಲ್ಯಳ ಪಕ್ಕ ಹತ್ತಿ ಕೂತಳು.

ಬಂಡೆಯ ಜಾಗ ಬಂತು. ಅಮೂಲ್ಯ ಒಂದನೇ ಗೇರಿನಲ್ಲಿ ನಿಧಾನವಾಗಿ ಏರಿಸಿದಳು. ಮುಂದಿನ ಚಕ್ರ ಹತ್ತಿತು, ಇಳಿಯಿತು. ಗಾಡಿಯ ಹೊಟ್ಟೆ ತಗಲುತ್ತದೆಂದು ನಾಹಿದಾ ಕಾಲು ಮೇಲಕ್ಕೆಳೆದುಕೊಂಡು ಕೂತಿದ್ದಳು. ತಗಲಲಿಲ್ಲ. ಹಿಂದಿನ ಚಕ್ರವೂ ದಾಟಿತು.

"ಅಕ್ಕಾ!" ಎಂದು ಅಮೂಲ್ಯ ಕಿರುಚಿ ಹಾರನ್ ಒತ್ತಿಯೇ ಒತ್ತಿದಳು. ಟ್ರೇ ಹೊರಲು ತಲೆಗೆ ಸಿಂಬಿ ಸುತ್ತಿಕೊಂಡು ಇಳಿಯುತ್ತಿದ್ದ ಊರ ಹೆಂಗಸರು ದಾರಿಯಲ್ಲೇ ನಿಂತು ನೋಡಿದರು. ಮೊದಲ ಟ್ರೇಯ ಗೋಣಿ ಸರಿಸಿದ ಚಿಕ್ಕಲಕ್ಷ್ಮಮ್ಮ ಎಂಬ ಮುದುಕಿ, "ತಣ್ಣಗವೆ ಕಣ್ರವ್ವಾ, ತಲೆ ಎತ್ಕಂಡವೆ," ಎಂದಳು. ಅವಳ ಮನೆಯಲ್ಲಿ ನಾಹಿದಾಳಿಗೆ ಮಜ್ಜಿಗೆ ಕೊಟ್ಟರು. ಕೈಯೆಲ್ಲ ಗ್ರೀಸು. ಹಾಗೇ ಲೋಟ ಎತ್ತಿ ಕುಡಿದಳು.

ಮಾರನೇ ದಿನ ಅಮೂಲ್ಯಳ ಪಿಕಪ್ ಮತ್ತೆ ಅಂಗಡಿಗೆ ಬಂತು. ಭಾರಕ್ಕೆ ಕುಗ್ಗದಿರಲೆಂದು, ಸ್ಪ್ರಿಂಗಿನ ಕಮಾನು ಕಟ್ಟುವವರಿಂದ ಮುಂದಿನ ಕಮಾನಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿಕೊಂಡು ಬಂದಿತ್ತು. ಈ ಸಲ ಭಾರ ಹಾಕಿಯೇ ನೋಡಬೇಕು. ಮೂಟೆಗಳಿರಲಿಲ್ಲ. ನಾಹಿದಾ ಎದುರಿನ ಗೊಂಬೆ ಕಾರ್ಖಾನೆಯವರನ್ನು ಕೂಗಿದಳು. ಮೈಮೇಲೆ ಮರದ ಪುಡಿ ಹೊತ್ತ ಗಂಡಸರೂ ಹೆಂಗಸರೂ ನಗುತ್ತ ಬಂದು ಗಾಡಿಯ ಹಿಂಭಾಗ ತುಂಬಿದರು.

"ಇನ್ನೂ ಸಾಲ್ದು," ಎಂದಳು ನಾಹಿದಾ, ಇಣುಕಿ ನೋಡುತ್ತ.

ಶುಕೂರ್ ಸಾಹೇಬರು ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಎದ್ದರು. "ನನ್ನೂ ಹತ್ತುಸ್ರಪ್ಪ," ಎಂದರು. ನಾಲ್ಕಾರು ಕೈಗಳು ಅವರನ್ನು ಎತ್ತಿಕೊಂಡವು. ನಾಹಿದಾ ಅಮೂಲ್ಯಳಿಂದ ಕೀಲಿ ತೆಗೆದುಕೊಂಡು ಸ್ಟೀರಿಂಗ್ ಮುಂದೆ ಕೂತಳು. ಸಾಹೇಬರು ಎಲ್ಲರ ನಡುವೆ, ಕ್ಯಾಬಿನ್ನಿನ ಮೇಲೆ ಕೈಯೂರಿ ನಿಂತು, "ಹೂಂ ಬೇಟಿ, ಎಡಕ್ಕೆ ತಿರುಗ್ಸು. ಪೂರ್ತಿ. ಈಗ ಬಲಕ್ಕೆ," ಎಂದು ಅಪ್ಪಣೆ ಕೊಟ್ಟರು.

ಸದ್ದೇನೂ ಬರಲಿಲ್ಲ. ನಾಹಿದಾ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಳೀತೀರಾ ಅಬ್ಬಾ?" ಎಂದಳು.

"ಇಳಿಯೋದ್ಯಾಕೆ? ಓಡಿಸಿ ನೋಡ್ಬ್ಯಾಡ್ವಾ? ಕೆಂಗಲ್‌ವರ್ಗೂ ಹೋಗಿ ಬರಾನ ನಡಿ," ಎಂದರು ಶುಕೂರ್ ಸಾಹೇಬರು. ಹಿಂದಿದ್ದವರೆಲ್ಲ ಹೋ ಎಂದರು. ನಾಹಿದಾ ಗೇರು ಹಾಕಿದಳು.