ಶಿಬಿರಕ್ಕೆ ಹೋದ ಉಪ್ಪಿಟ್ಟು

ನನ್ನ ಸೋದರಮಾವನ ಅಂಗಿಯ ಕಾಲರಿನೊಳಗೆ ಸದಾ ಒಂದು ಮಡಚಿದ ಕರವಸ್ತ್ರ, ಕುತ್ತಿಗೆಯ ಬೆವರಿಗೆ. ಠಾಣೆ ಶಹರದ ವರ್ತಕ ನಗರದಲ್ಲಿ ಅವರ ಹೋಟೆಲು. ಗಲ್ಲಾದಲ್ಲಿ ಕೂತು ಗಿರಾಕಿಗಳನ್ನು ರೇಗಿಸುವುದೆಂದರೆ ಅವರಿಗೆ ಹಬ್ಬ. ದೇವರ ಹೆಸರು ಹೇಳಿ ಯಾರೇ ಬರಲಿ, ಬರಿಗೈಯಲ್ಲಿ ಕಳಿಸಿದವರಲ್ಲ. ಗಣಪತಿ ಮಂಡಲವೋ ಭಜನೆಯೋ, ಒಂದು ಪಾತ್ರೆ ಉಪ್ಪಿಟ್ಟು ಹೋಗಲೇಬೇಕು. “ಎಂತದಕ್ಕೆ ಅಂತ ಕೇಳ್ಬಾರ್ದು ಮಾರಾಯ, ಕೊಡುವುದಷ್ಟೇ ನಮ್ಮ ಕೆಲಸ” ಎನ್ನುತ್ತಿದ್ದರು. ನಮ್ಮ ಉಡುಪಿ ಹೋಟೆಲಿನವರೆಲ್ಲ ಹೆಚ್ಚುಕಡಿಮೆ ಹೀಗೆಯೇ.

ಅವರ ಒಬ್ಬನೇ ಮಗ ಮಹಾಪೆಯಲ್ಲಿ ಕೆಲಸಕ್ಕಿದ್ದ. ಭಾನುವಾರ ಧರ್ಮದ ಶಿಬಿರವೆಂದು ಅವನು ಹೋಗತೊಡಗಿದಾಗ ಮಾವನಿಗೆ ಹೆಮ್ಮೆಯೋ ಹೆಮ್ಮೆ. ಅಲ್ಲಿಗೂ ಉಪ್ಪಿಟ್ಟು ಹೋಯಿತು. ಕ್ರಮೇಣ ಮಗನ ಮಾತು ಬದಲಾಯಿತು. ತೆಂಗಿನಕಾಯಿ ಹೊತ್ತು ತರುವ ಕಲಬುರಗಿಯ ಮುಸ್ಲಿಂ ಹಮಾಲನನ್ನು ಒಳಗೆ ಬಿಡಬೇಡಿ ಎಂದ. ಮಾವ ನಕ್ಕರು. “ಪ್ರಾಯದ ಬಿಸಿ, ಇಳೀತದೆ.”

ಒಂದು ಬೆಳಿಗ್ಗೆ ಸಾಮಾನಿನ ಕೋಣೆಯಲ್ಲಿ ನಾವಿಬ್ಬರೂ ಅಕ್ಕಿಚೀಲ ಸರಿಸುತ್ತಿದ್ದಾಗ ಹಿಂದೆ ಪೆಟ್ರೋಲ್ ಬಾಟ್ಲಿಗಳು ಸಿಕ್ಕವು. ಬಾಯಿಗೆ ಬಟ್ಟೆ ತುರುಕಿತ್ತು. ಮಾವ ಮಗನನ್ನು ಕರೆದು ಕೇಳಿದರು. ಅವನು ಮುಚ್ಚಿಡಲಿಲ್ಲ. ವಾಗ್ಳೆ ಕೈಗಾರಿಕಾ ಎಸ್ಟೇಟಿನ ಹಿಂದಿರುವ ಬಸ್ತಿಗೆ, ಮುಸ್ಲಿಂ ಹಮಾಲರ ಗುಡಿಸಲು ಕೇರಿಗೆ, ಶುಕ್ರವಾರ. “ಆಪ್ ನಹೀ ಸಮ್ಝೋಗೇ, ಪಪ್ಪಾ,” ನಿಮಗೆ ಅರ್ಥವಾಗದು ಎಂದು ಹಿಂದಿಯಲ್ಲೇ ಹೇಳಿ ಹೊರಗೆ ಹೋದ.

ಮಾವ ಅಕ್ಕಿಚೀಲದ ಮೇಲೆ ಕೂತರು. “ಅಲ್ಲಿ ಎಂತ ಹೇಳಿಕೊಡ್ತಾರೆ ಅಂತ ಒಂದು ದಿನ ಒಳಗೆ ಹೋಗಿ ಕೂತದ್ದಿಲ್ಲ ಮಾರಾಯ. ಹೊಟ್ಟೆ ಮಾತ್ರ ತುಂಬಿಸಿದೆ.” ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ನೇರ ಪೊಲೀಸ್ ಚೌಕಿಗೆ ನಡೆದರು. ನಾನು ತಡೆಯಲಿಲ್ಲ, ಜೊತೆಗೂ ಹೋಗಲಿಲ್ಲ.

ಮಗನೂ ಅವನ ಗೆಳೆಯರೂ ಸಿಕ್ಕಿಬಿದ್ದರು. ನೆಂಟರೆಲ್ಲ ಮಾವನ ಮೇಲೆ ಮುಗಿಬಿದ್ದರು. “ಏನೂ ಆಗಿರ್ಲಿಲ್ಲ ಅಲ್ವಾ? ಬಾಟ್ಲಿ ಗಟಾರಕ್ಕೆ ಸುರಿದಿದ್ರೆ ಮುಗೀತಿತ್ತು” ಎಂದರು ದೊಡ್ಡಮ್ಮ.

“ಬಾಟ್ಲಿಯದ್ದು ಸುರೀಬಹುದು ಅಕ್ಕ. ಅವನ ತಲೆಯೊಳಗಿನದ್ದನ್ನು ಎಲ್ಲಿಗೆ ಸುರಿಯುವುದು?”

ಆಮೇಲೆ ನೆಂಟರ ಮದುವೆ ಕರೆಯೋಲೆಗಳು ನಿಂತವು. ಮಾವ ಗಿರಾಕಿಗಳನ್ನು ರೇಗಿಸುವುದನ್ನೂ ನಿಲ್ಲಿಸಿದರು. ಅದನ್ನು ನೋಡುವುದು ನನಗೆ ತುಂಬ ಕಷ್ಟವಾಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಮಗ ಜಾಮೀನಿನ ಮೇಲೆ ಹೊರಬಂದು ಹತ್ತಿರದ ಕಲ್ಯಾಣದಲ್ಲಿದ್ದ. ಫೋನ್ ಮಾಡಿದೆ. ನಾನು ಹೇಳಿದ್ದನ್ನೆಲ್ಲ ಕೇಳಿದ. “ನನ್ನ ಅಪ್ಪ ಚೌಕಿಗೆ ಹೋದ ದಿನವೇ ಸತ್ತ” ಎಂದ. ಅವನ ಬಾಯಲ್ಲಿ ನಾನು ಕನ್ನಡ ಕೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಚಿತೆಗೆ ಕೊಳ್ಳಿ ಇಟ್ಟದ್ದು ನಾನು. ಅಲ್ಲಿಂದ ಎರಡು ರಸ್ತೆ ದಾಟಿದರೆ ಆ ಬಸ್ತಿ. ಅಂದು ಶುಕ್ರವಾರ, ನಮಾಜು ಮುಗಿಸಿದ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಹೋಗುತ್ತಿದ್ದರು.